ಕಂಸದೊಳಗಿನ ಮಾತು

ಶವಪೆಟ್ಟಿಗೆಯಲ್ಲಿ ಮಲಗಿದ್ದ ತಮ್ಮ ಗಿಲ್ಬರ್ಟನ ಟೈ ಗಂಟನ್ನು ಒಡೆಟ್ ಸರಿಮಾಡುತ್ತಿರುವಾಗ ಯಾರೋ ಬಂದು ಅವಳ ಎರಡೂ ಕೈಗಳನ್ನು ಹಿಡಿದುಕೊಂಡರು. ತಿರುಗಿ ನೋಡಿದರೆ ಕಪ್ಪು ಕೋಟಿನ ಎತ್ತರದ ಹೆಂಗಸು. ಅತ್ತೂ ಅತ್ತೂ ಮೂಗು ಕೆಂಪಾಗಿತ್ತು.

"ನೀವೇ ಅಲ್ವಾ ಒಡೆಟ್? ನಾನು ಮರೀಸ್. ನ್ಯೂಯಾರ್ಕಲ್ಲಿ ಎರಡು ವರ್ಷ ನಾನು ನೀವಾಗಿದ್ದೆ."

"ಹೌದಾ? ನಾನು ಅಷ್ಟೂ ದಿನ ಇಲ್ಲೇ ಇದ್ನಲ್ಲ," ಎಂದಳು ಒಡೆಟ್.

ಮರೀಸ್‌ಗೆ ಚುಚ್ಚುಮಾತು ತಾಗಲಿಲ್ಲ. ಹಿಡಿದ ಕೈಯನ್ನು ಇನ್ನೂ ಬಿಗಿಮಾಡಿದಳು. "ನಿಮಗೊಂದು ಮಾತು ಹೇಳ್ಬೇಕು ಅಂತ ಎಷ್ಟು ವರ್ಷದಿಂದ ಅಂದ್ಕೊಂಡಿದೀನಿ ಗೊತ್ತಾ? ನಾಟಕದ ಪ್ರತಿ ಆಟದ ಕೊನೇಲೂ, ದೀಪ ಆರೋ ಹೊತ್ತಿಗೆ, ನಾನು ನಿಮ್ಮನ್ನ ಮನಸಾರೆ ಕ್ಷಮಿಸಿಬಿಡ್ತಿದ್ದೆ."

ಒಡೆಟ್‌ಗೆ ಮೈಯೆಲ್ಲ ಉರಿದುಹೋಯಿತು. ಕೈ ಬಿಡಿಸಿಕೊಂಡು, ಹೆಬ್ಬೆರಳಿನಿಂದ ಇನ್ನೊಂದು ಅಂಗೈಯನ್ನು ಉಜ್ಜತೊಡಗಿದಳು. ಅದು ಚಿಕ್ಕಂದಿನಿಂದ ಬಂದ ಚಾಳಿ. ಎದುರಿಗೆ ನೋಡುತ್ತಾಳೆ, ಮರೀಸಳೂ ಹಾಗೆಯೇ ಅಂಗೈ ಉಜ್ಜುತ್ತಿದ್ದಾಳೆ. ಗಿಲ್ಬರ್ಟ್ ಹೇಳಿಕೊಟ್ಟಿರಬೇಕು. ಪಾತ್ರ ಮುಗಿದು ಎಷ್ಟೋ ವರ್ಷವಾದರೂ ಆ ಹೆಂಗಸಿನ ಕೈಗೆ ಅದು ಅಂಟಿಕೊಂಡೇ ಉಳಿದಿತ್ತು.

"ಪೆಟ್ಟಿಗೆ ಮುಚ್ತಾರಂತೆ," ಎಂದು ಪಕ್ಕದ ಮನೆಯ ಅರ್ಮಿಂಡಾ ಬಂದು ಕರೆದಳು. ಒಡೆಟ್ ತಮ್ಮನ ಮುಖವನ್ನು ಕೊನೆಯ ಬಾರಿ ನೋಡಿದಳು. ಬಾಯಿ ಬಿಗಿಯಾಗಿ ಮುಚ್ಚಿತ್ತು. ಹೇಳಬೇಕಾದದ್ದನ್ನು ಹೇಳದೆಯೇ ಹೊರಟಿದ್ದ, ಪುಣ್ಯಾತ್ಮ.

*

ಅಪ್ಪ ಬದುಕಿದ್ದಾಗ, ಅವನು ಕುಡಿದು ಬಂದ ರಾತ್ರಿ ಒಡೆಟ್‌ಳ ಮನೆಯಲ್ಲಿ ಏನಾದರೊಂದು ಮುರಿಯುತ್ತಿತ್ತು, ತಟ್ಟೆಯೋ ಕುರ್ಚಿಯೋ ಯಾರದಾದರೂ ಮೂಗೋ. ಆ ಜನವರಿಯ ರಾತ್ರಿ ಅಮ್ಮ ಬಟ್ಟೆ ಗಿರಣಿಯ ರಾತ್ರಿಪಾಳಿಗೆ ಹೋಗಿದ್ದಳು. ಬೀದಿಯ ತಿರುವಿನಲ್ಲೇ ಅಪ್ಪನ ಹಾಡು ಕೇಳಿಸಿದಾಗ, ಅಡುಗೆಮನೆಯ ಮೇಜಿನಲ್ಲಿ ಓದುತ್ತಿದ್ದ ಗಿಲ್ಬರ್ಟ್ ಎದ್ದುಹೋಗಿ ಹಿತ್ತಲ ಬಾಗಿಲಿಗೆ ಚಿಲಕ ಹಾಕಿಬಿಟ್ಟ.

"ತೆಗಿಯೋ. ಹೊರಗೆ ಹೇಗಿದೆ ನೋಡಿದೀಯಾ?" ಎಂದಳು ಒಡೆಟ್.

"ಒಂದು ಹತ್ತು ನಿಮಿಷ ನಿಲ್ಲಲಿ ಬಿಡು, ಡೆಟ್. ಅಮಲು ಇಳೀಲಿ."

ಅಪ್ಪ ಬಾಗಿಲು ಬಡಿದ. ಬೈದ. ಆಮೇಲೆ ಸುಮ್ಮನಾದ, ಮೆಟ್ಟಿಲ ಮೇಲೆ ಕೂತು ಮತ್ತೆ ಹಾಡತೊಡಗಿದ. ಒಡೆಟ್ ಬೆಳಗಿನ ಪಾಳಿಗೆ ನಸುಕಿಗೇ ಏಳಬೇಕಿತ್ತು. ನಿಂತಲ್ಲೇ ತೂಕಡಿಸುತ್ತಿದ್ದಳು.

"ನೀನು ಹೋಗಿ ಮಲಕ್ಕೊ," ಎಂದ ಗಿಲ್ಬರ್ಟ್. "ನಾನು ತೆಗಿತೀನಿ."

ಅವಳು ನಂಬಿ ಹೋಗಿ ಮಲಗಿದಳು. ಬೆಳಗ್ಗೆ ಎದ್ದು ಬಂದಾಗ ಅವನು ಪುಸ್ತಕದ ಮೇಲೆ ತಲೆಯಿಟ್ಟು ಗಾಢ ನಿದ್ದೆಯಲ್ಲಿದ್ದ. ಚಿಲಕ ಹಾಕಿದ್ದು ಹಾಕಿದಂತೆಯೇ ಇತ್ತು. ಕಿಟಕಿಯಾಚೆ, ಮೆಟ್ಟಿಲ ಮೇಲೆ ಅಪ್ಪ ಮರಗಟ್ಟಿ ಸತ್ತು ಬಿದ್ದಿದ್ದ.

ಎಚ್ಚರಗೊಂಡ ಹದಿನೆಂಟರ ಹುಡುಗ ನೆಲದ ಮೇಲೆ ಕುಸಿದು ಕೂತುದನ್ನು ನೋಡಿ ಅವಳಿಗೆ ಅಯ್ಯೋ ಅನ್ನಿಸಿತು. ಚಿಲಕ ಅವಳೇ ತೆಗೆದಳು. ಪೊಲೀಸರು ಬಂದಾಗ ಮಾತಾಡಿದವಳೂ ಅವಳೇ. "ಬಾಗಿಲು ತೆಗೆದೇ ಇತ್ತು. ಮೆಟ್ಟಿಲ ಮೇಲೆಲ್ಲ ಮಂಜುಗಡ್ಡೆ. ಜಾರಿ ಬಿದ್ದಿರ್ಬೇಕು." ಊರು ನಂಬಿತು. ಅಮ್ಮ ನಂಬಿದಳು. ಅಕ್ಕ ತಮ್ಮಂದಿರು ಆ ವಿಷಯವನ್ನು ಮತ್ತೆ ಎತ್ತಲಿಲ್ಲ.

*

ಸ್ಮಶಾನದಲ್ಲಿ ಗಾಳಿ ಮುಖಕ್ಕೆ ಬಾರಿಸುವಂತೆ ಬೀಸುತ್ತಿತ್ತು. ಪಾದ್ರಿಗಳು ಪ್ರಾರ್ಥನೆಯನ್ನು ಸ್ವಲ್ಪ ಚುರುಕಾಗಿಯೇ ಮುಗಿಸಿದರು. ವಾಪಸು ಹೋಗುವ ದಾರಿಯಲ್ಲಿ ಅವರ ಬೀದಿಯ ಜನ, ಕೊಲಂಬಿಯಾ ಸ್ಟ್ರೀಟಿನವರು, ಸತ್ತವನ ಲೆಕ್ಕ ಚುಕ್ತಾ ಮಾಡತೊಡಗಿದರು. ಅವನು ಬರೆದ ನಾಟಕಗಳಲ್ಲಿ ಸಿಕ್ಕಿಹಾಕಿಕೊಂಡವರಿಗೆಲ್ಲ ಅವನ ಮೇಲೆ ಸಿಟ್ಟು. ಸಿಕ್ಕಿಹಾಕಿಕೊಳ್ಳದವರಿಗೆ ಅದಕ್ಕಿಂತ ಹೆಚ್ಚು ಸಿಟ್ಟು.

"ಆ ಬೇಕರಿ ನಾಟಕದಲ್ಲಿ ನನ್ನ ಗುಂಡಗೆ ಮಾಡಿ ಇಟ್ಟಿದ್ದ," ಎಂದಳು ಅರ್ಮಿಂಡಾ. "ಎರಡು ಅಂಕ ಪೂರ್ತಿ ತಿಂತಾನೇ ಇರ್ತೀನಿ."

"ಆಗ ನೀನು ಗುಂಡಗೇ ಇದ್ಯಲ್ಲೇ," ಎಂದ ಅವಳ ಗಂಡ ಡಿನಿಸ್.

"ನಿನ್ನನ್ನಂತೂ ಅವನು ಒಂದು ಸಾಲಿಗೂ ಸೇರಿಸ್ಲಿಲ್ಲ. ಅಷ್ಟೂ ಲಾಯಕ್ಕಿಲ್ಲ ಅಂತ ಕಾಣ್ಸಿರ್ಬೇಕು."

"ಮೀನಿನ ದೋಣಿ ನಾಟಕದಲ್ಲಿ ಯಾರೋ ಒಬ್ಬ ಆಚೆ ನಿಂತು ಕೆಮ್ತಾನಲ್ಲ, ಅದು ನಾನೇ," ಎಂದು ಡಿನಿಸ್ ಎದೆಯುಬ್ಬಿಸಿದ. ಹಿಂದೆಯೇ ನಿಜವಾಗಿ ಕೆಮ್ಮಿದ.

ನಗು ಬಂದವರು ಒಡೆಟ್‌ಳ ಕಡೆ ನೋಡಿ ತಟಕ್ಕನೆ ಬಾಯಿ ಮುಚ್ಚಿದರು. ಅವಳು ಯಾವ ನಾಟಕದಲ್ಲಿದ್ದಾಳೆಂದು ಯಾರೂ ಹೇಳಬೇಕಾಗಿರಲಿಲ್ಲ. ನಲವತ್ತು ವರ್ಷದಿಂದ ಹೀಗೆಯೇ. ಅಂಗಡಿಯಲ್ಲಿ, ಇಗರ್ಜಿಯಲ್ಲಿ, ಅವಳು ಹತ್ತಿರ ಬಂದರೆ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ಯಾರೂ ಅವಳನ್ನು ಬೈದವರಲ್ಲ. ಪಾಪ ಅನ್ನುತ್ತಿದ್ದರು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

*

ಗಿಲ್ಬರ್ಟ್ ನಾಟಕಕಾರನಾದದ್ದು ಹತ್ತಿರದ ಪ್ರಾವಿಡೆನ್ಸ್ ನಗರದ ಒಂದು ಹಳೆಯ ಚಪ್ಪಲಿ ಅಂಗಡಿಯಲ್ಲಿ. ಅಂಗಡಿ ಖಾಲಿಯಾದ ಮೇಲೆ ಅದರಲ್ಲಿ ಕುರ್ಚಿ ಹಾಕಿ ಆಡುತ್ತಿದ್ದರು. ಮೊದಲ ಒಂದೆರಡು ನಾಟಕಗಳಿಗೆ ಕುರ್ಚಿಯೂ ತುಂಬಲಿಲ್ಲ. ಆಮೇಲೆ 'ಹಿತ್ತಲ ಬಾಗಿಲು' ಬಂತು. ಮೊದಲ ಆಟಕ್ಕೆ ಒಡೆಟ್ ಅಮ್ಮನನ್ನು ಕಾರಿನಲ್ಲಿ ಕರೆದುಕೊಂಡು ಹೋದಳು. ಇಬ್ಬರೂ ಹೊಸ ಸ್ಕಾರ್ಫ್ ಕಟ್ಟಿಕೊಂಡಿದ್ದರು.

ವೇದಿಕೆಯ ಮೇಲೆ ಅವರ ಮನೆಯದೇ ಅಡುಗೆಮನೆ. ಮೇಜಿನ ಮುಂದೆ ಡೀಲಿಯಾ ಎಂಬ ಅಕ್ಕ, ಪೀಟರ್ ಎಂಬ ತಮ್ಮ. ಹೊರಗೆ ಅಪ್ಪನ ಹಾಡು. ಡೀಲಿಯಾ ಎದ್ದು, ಅಂಗೈ ಉಜ್ಜಿಕೊಳ್ಳುತ್ತಾ ಹೋಗಿ, ಚಿಲಕ ಹಾಕಿದಳು. ತಿರುಗಿ ತಮ್ಮನಿಗೆ ಹೇಳಿದಳು: "ನೀನು ಹೋಗಿ ಮಲಕ್ಕೊ. ನಾನು ತೆಗಿತೀನಿ."

ಜನ ಬಿಕ್ಕಿ ಬಿಕ್ಕಿ ಅತ್ತರು. ಅಮ್ಮ ಅಳಲಿಲ್ಲ. ವಾಪಸು ಬರುವಾಗ ಅವಳು ಕಾರಿನ ಮುಂದಿನ ಸೀಟು ಬಿಟ್ಟು ಹಿಂದೆ ಹೋಗಿ ಕೂತಳು.

"ಅಮ್ಮಾ, ಅದು ಹಾಗಲ್ಲ. ಚಿಲಕ ಹಾಕಿದ್ದು ಅವನು," ಎಂದಳು ಒಡೆಟ್, ಕನ್ನಡಿಯಲ್ಲಿ ಅಮ್ಮನ ಮುಖ ಹುಡುಕುತ್ತಾ.

"ಪೊಲೀಸ್‌ನೋರ ಮುಂದೆ ಬಾಗಿಲು ತೆಗೆದಿತ್ತು ಅಂದೋಳು ಯಾರು?"

"ನಾನೇ. ಅವನಿಗೋಸ್ಕರ."

"ಸುಳ್ಳು ಹೇಳಿದ್ದೂ ನೀನೇ. ಈಗ ಅವನ ಮೇಲೆ ಹಾಕ್ತಿರೋಳೂ ನೀನೇ," ಎಂದಳು ಅಮ್ಮ. ಆ ದಿನದಿಂದ ಅವಳು ಸಾಯುವ ತನಕ, ಒಡೆಟ್ ಮಲಗಿದ ಮೇಲೆ ಎದ್ದು ಬಂದು ಹಿತ್ತಲ ಬಾಗಿಲನ್ನು ತಾನೇ ಮುಟ್ಟಿ ನೋಡಿ ಹೋಗುತ್ತಿದ್ದಳು. ಆ ಹೆಜ್ಜೆಯ ಸಪ್ಪಳ ಕೇಳುತ್ತಾ ಒಡೆಟ್ ಹಾಸಿಗೆಯಲ್ಲಿ ಕಣ್ಣು ಬಿಟ್ಟುಕೊಂಡೇ ಇರುತ್ತಿದ್ದಳು.

ತಮ್ಮನನ್ನು ಅವಳು ಸುಮ್ಮನೆ ಬಿಡಲಿಲ್ಲ. ಮರುವಾರವೇ ಹೋಗಿ ಕೊರಳಪಟ್ಟಿ ಹಿಡಿದು ಕೇಳಿದಳು.

"ಮೊದಲು ನಾನೇ ಹಾಕ್ದೆ ಅಂತ್ಲೇ ಬರೆದಿದ್ದೆ, ಡೆಟ್. ದೇವರಾಣೆ. ಹಾಗೆ ಬರೆದ್ರೆ ನಾಟಕ ಕೂರ್ತಿರ್ಲಿಲ್ಲ. ಮಗ ಹಾಕಿದ್ರೆ ಜನ ಅವನನ್ನ ಕೇಡಿ ಅಂದುಬಿಡ್ತಾರೆ. ಮಗಳು ಹಾಕಿದ್ರೆ ಅಳ್ತಾರೆ."

"ನಿನ್ನ ಜನ ಹಾಳಾಗ್ಲಿ. ಅಮ್ಮಂಗೆ ಹೇಳು."

"ಹೇಳ್ತೀನಿ ಕಣೆ. ಈ ಆಟಗಳು ಒಂದು ಮುಗೀಲಿ."

ಆಟಗಳು ಮುಗಿಯಲೇ ಇಲ್ಲ. ನಾಟಕ ಪ್ರಾವಿಡೆನ್ಸಿನಿಂದ ನ್ಯೂಯಾರ್ಕಿಗೆ ಹೋಯಿತು, ಬಹುಮಾನ ಬಂತು, ಆಮೇಲೆ ಊರೂರಿನ ಶಾಲೆಯ ಮಕ್ಕಳೂ ಆಡತೊಡಗಿದರು. ತಮ್ಮೂರಾದ ಫಾಲ್ ರಿವರ್‌ನಲ್ಲೇ ಒಮ್ಮೆ ಆಡಿದಾಗ, ಆಟದ ನಂತರ ಗಿಲ್ಬರ್ಟ್ ವೇದಿಕೆಯಂಚಿನಲ್ಲಿ ಕೂತು ಜನರ ಪ್ರಶ್ನೆಗೆ ಉತ್ತರಿಸಿದ. "ಇದು ನಿಜವಾಗ್ಲೂ ನಿಮ್ಮನೇಲಿ ನಡೆದಿದ್ದಾ?" ಎಂದು ಯಾರೋ ಕೇಳಿಯೇಬಿಟ್ಟರು. ಮುಂದಿನ ಸಾಲುಗಳಲ್ಲೇ ಕೂತಿದ್ದ ಒಡೆಟ್ ಉಸಿರು ಹಿಡಿದಳು. ಅವನು ಅವಳ ಕಡೆ ನೋಡಿದ, ಮುದ್ದಾಗಿ ನಕ್ಕ. "ಅದನ್ನ ನನ್ನ ಅಕ್ಕನನ್ನೇ ಕೇಳಿ," ಎಂದ. ಜನ ಚಪ್ಪಾಳೆ ತಟ್ಟಿದರು.

ಆಮೇಲೆ ಬರೆದ ನಾಟಕಗಳು ಒಂದೊಂದಾಗಿ ಮಕಾಡೆ ಮಲಗಿದವು. ಕಾಲೇಜೊಂದರಲ್ಲಿ ಪಾಠ ಹೇಳುತ್ತಾ ಅವನಿಗೆ ವಯಸ್ಸಾಯಿತು. ಭಾನುವಾರ ತಪ್ಪದೆ ಫೋನು ಮಾಡುತ್ತಿದ್ದ. "ಅರ್ಮಿಂಡಾ ಗಂಡನ ಜೊತೆ ಜಗಳ ಆಡಿದ್ಲಾ? ಏನಂದ್ಲು, ಅವಳ ಮಾತಲ್ಲೇ ಹೇಳು," ಎನ್ನುತ್ತಿದ್ದ. ಆ ತುದಿಯಲ್ಲಿ ಟೈಪ್ ಮಾಡುವ ಸದ್ದು ಕೇಳಿಸುತ್ತಿತ್ತು. ಗೊತ್ತಿದ್ದೂ ಅವಳು ಹೇಳುತ್ತಿದ್ದಳು. ಇನ್ನಾರಿದ್ದರು ಅವಳ ಜೊತೆ ಮಾತಾಡುವುದಕ್ಕೆ? ಅಮ್ಮ ತೀರಿಕೊಂಡಳು. ಅಮ್ಮನಿಗೆ ಅವನು ಹೇಳಿರಲಿಲ್ಲ. ಅವನ ಕೊನೆಯ ವಾರ ಆಸ್ಪತ್ರೆಯಲ್ಲಿ ಮಂಚದ ಪಕ್ಕ ಕೂತು ಒಡೆಟ್ ಕಾದಳು. ಐಸಿನ ಚೂರು ಕೇಳಿದ. ಅಷ್ಟೇ.

*

ಇಗರ್ಜಿಯ ನೆಲಮಾಳಿಗೆಯ ಸಭಾಂಗಣದಲ್ಲಿ ಸೊಪ್ಪು, ಸಾಸೇಜ್ ಹಾಕಿದ ಸೂಪು ಕುದಿಯುತ್ತಿತ್ತು. ಉದ್ದನೆಯ ಮೇಜಿನ ಮೇಲೆ ಸಿಹಿ ಬ್ರೆಡ್ಡು, ದಾಲ್ಚಿನ್ನಿ ಪುಡಿಯಲ್ಲಿ ಶಿಲುಬೆ ಬಿಡಿಸಿದ ಅಕ್ಕಿ ಪಾಯಸ. ಮೂಲೆಯಲ್ಲಿ ಬಿಳಿ ಹೂಗಳ ನಡುವೆ ಗಿಲ್ಬರ್ಟನ ದೊಡ್ಡ ಫೋಟೊ ನಿಲ್ಲಿಸಿದ್ದರು. ಅದೇ ಮುದ್ದು ನಗು.

ಅವನ ನಾಟಕಗಳನ್ನು ನಿರ್ದೇಶಿಸುತ್ತಿದ್ದ ಡ್ವೈಟ್, ಕೈಯಲ್ಲಿ ಹಾಳೆಗಳನ್ನು ಹಿಡಿದು ಒಡೆಟ್‌ಳ ಬಳಿ ಬಂದ. "ಊಟಕ್ಕೆ ಮುಂಚೆ ಆ ದೃಶ್ಯ ಒಂದು ಓದೋಣ ಅಂತ. ಡೀಲಿಯಾಗೆ ಮರೀಸ್. ಪೀಟರ್‌ಗೆ ಕ್ಯಾಲ್ವಿನ್, ಮೊದಲ ಆಟದಿಂದ ಅವನೇ ಮಾಡಿದ್ದು. ಕಂಸದಲ್ಲಿರೋದನ್ನ ನೀವು ಓದ್ತೀರಾ?"

"ಕಂಸದಲ್ಲಿ ಏನಿರತ್ತೆ?"

"ಯಾರು ಏಳ್ತಾರೆ, ಯಾರು ಕೂರ್ತಾರೆ, ಅದು. ನೀವು ಓದಿದ ಹಾಗೆ ಅವರು ಮಾಡ್ತಾರೆ. ನೋಡಿ, ಇಲ್ಲೇ ಒಂದು ಹಿಂಬಾಗಿಲೂ ಇದೆ, ಚಿಲಕದ ಸಮೇತ. ಗಿಲ್ ಇದ್ದಿದ್ರೆ ಕುಣಿದಾಡ್ತಿದ್ದ."

"ಗಿಲ್‌ನ ಕಂಸ ಅಂದ್ರೆ ವೇದವಾಕ್ಯ," ಎಂದ ಕ್ಯಾಲ್ವಿನ್. ಅವನ ತಲೆ ಪೂರ್ತಿ ನರೆತಿತ್ತು. "ಒಂದು ಹೆಜ್ಜೆ ತಪ್ಪಿದ್ರೂ ಹಿಂದಿನ ಸಾಲಿಂದ ಕೂಗ್ತಿದ್ದ. ಈಗ್ಲೂ ಯಾರಾದ್ರೂ ಓದಿದ್ರೆ ನನ್ನ ಕಾಲು ತಾನಾಗೇ ಎದ್ದುಬಿಡತ್ತೆ."

ಒಡೆಟ್ ಒಲ್ಲೆ ಎನ್ನುತ್ತಾಳೆಂದೇ ಅರ್ಮಿಂಡಾ ನಡುವೆ ಬಾಯಿ ಹಾಕಿದಳು. "ಇವತ್ತೊಂದಿನ ಅವಳನ್ನ ಬಿಡ್ರಪ್ಪ. ಮನುಷ್ಯತ್ವ ಬೇಡ್ವಾ?"

"ಕೊಡಿ, ಓದ್ತೀನಿ," ಎಂದಳು ಒಡೆಟ್.

"ನಂಗೆ ಆ ನಾಟಕ ಬಾಯಿಪಾಠ. ನಾನು ಒಂದು ಸಿಗರೇಟು ಸೇದಿ ಬರ್ತೀನಿ," ಎಂದು ಡಿನಿಸ್ ಹಿಂಬಾಗಿಲಿನಿಂದ ಹೊರಗೆ ಹೋದ. ಬಾಗಿಲು ಮುಚ್ಚುವ ಮೊದಲು ಒಂದಿಷ್ಟು ಹಿಮ ಒಳಗೆ ಹಾರಿ ಬಂತು.

ಒಡೆಟ್ ಕನ್ನಡಕ ಏರಿಸಿಕೊಂಡಳು. "ಅಡುಗೆಮನೆ. ಚಳಿಗಾಲ. ಮೇಜಿನ ಮುಂದೆ ಡೀಲಿಯಾ ಮತ್ತು ಪೀಟರ್." ಮರೀಸ್ ಮತ್ತು ಕ್ಯಾಲ್ವಿನ್ ತಮ್ಮ ಮಾತುಗಳನ್ನು ಆಡಿದರು. ಚೆನ್ನಾಗಿಯೇ ಆಡಿದರು, ಕೊಲಂಬಿಯಾ ಸ್ಟ್ರೀಟಿನವರು ಆಗಲೇ ಕರವಸ್ತ್ರ ತೆಗೆದಿದ್ದರು. "ಹೊರಗೆ ಅಪ್ಪನ ಹಾಡು ಕೇಳಿಸುತ್ತದೆ," ಎಂದು ಓದಿದಳು ಒಡೆಟ್. ಮುಂದಿನ ಸಾಲು ಅವಳ ಕಣ್ಣಮುಂದಿತ್ತು. ಮರೀಸ್ ಆಗಲೇ ಕುರ್ಚಿ ಹಿಂದೆ ಸರಿಸಿದ್ದಳು.

"ಪೀಟರ್ ಎದ್ದುಹೋಗಿ ಚಿಲಕ ಹಾಕುತ್ತಾನೆ."

ಮರೀಸ್ ಅರ್ಧ ಎದ್ದವಳು ಹಾಗೇ ನಿಂತಳು. ಕ್ಯಾಲ್ವಿನ್ ತನ್ನ ಹಾಳೆ ನೋಡಿಕೊಂಡ.

"ಒಡೆಟ್, ಅದು ಡೀಲಿಯಾ..." ಎಂದ ಡ್ವೈಟ್ ಮೆಲ್ಲಗೆ.

"ಡೀಲಿಯಾ ಕೂತಲ್ಲೇ ಇದ್ದಾಳೆ." ಅವಳು ಹಾಳೆಯನ್ನು ನೋಡುತ್ತಿರಲಿಲ್ಲ. "ಪೀಟರ್ ಎದ್ದುಹೋಗಿ ಚಿಲಕ ಹಾಕುತ್ತಾನೆ. ಅಕ್ಕ ಹೇಳುತ್ತಾಳೆ, ತೆಗಿಯೋ ಗಿಲ್, ಹೊರಗೆ ಹೇಗಿದೆ ನೋಡಿದೀಯಾ."

ಮರೀಸ್ ನಿಧಾನವಾಗಿ ಕೂತಳು. ಕ್ಯಾಲ್ವಿನ್ ಎದ್ದ. ಕಂಸದ ಮಾತಿಗೆ ಏಳುವುದು ಅವನಿಗೆ ಅಷ್ಟು ರೂಢಿಯಾಗಿತ್ತು. ಹಿಂಬಾಗಿಲಿನ ತನಕ ನಡೆದುಹೋಗಿ ಚಿಲಕ ಎಳೆದ. ಕಬ್ಬಿಣದ ಸದ್ದು ಇಡೀ ಸಭಾಂಗಣಕ್ಕೆ ಕೇಳಿಸಿತು.

"ಮುಂದಿನ ಮಾತೂ ಅವನದೇ," ಎಂದಳು ಒಡೆಟ್.

ಎಷ್ಟೋ ರಾತ್ರಿ ಆ ಮಾತನ್ನು ಇನ್ನೊಬ್ಬರ ಬಾಯಿಂದ ಕೇಳಿಸಿಕೊಂಡವನು ಕ್ಯಾಲ್ವಿನ್. ಹಾಳೆ ನೋಡುವ ಅಗತ್ಯವಿರಲಿಲ್ಲ. ಬಾಗಿಲಿಗೆ ಬೆನ್ನುಕೊಟ್ಟು ನಿಂತು, ಒಡೆಟ್‌ಳನ್ನೇ ನೋಡುತ್ತಾ ಹೇಳಿದ: "ನೀನು ಹೋಗಿ ಮಲಕ್ಕೊ. ನಾನು ತೆಗಿತೀನಿ."

ಅರ್ಮಿಂಡಾ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡಳು. ಮರೀಸ್ ಅಂಗೈ ಉಜ್ಜುವುದನ್ನು ನಿಲ್ಲಿಸಿ, ಎರಡೂ ಕೈಗಳನ್ನು ಮೇಜಿನ ಕೆಳಗೆ ಇಳಿಸಿದಳು.

ಅಷ್ಟರಲ್ಲಿ ಬಾಗಿಲು ಧಡಧಡ ಬಡಿದ ಸದ್ದಾಯಿತು.

"ಏ! ಒಳಗೆ ಯಾರೂ ಬದುಕಿಲ್ವಾ? ಮರಗಟ್ಟಿ ಸಾಯ್ತಿದೀನಿ, ತೆಗೀರೋ!"

ಬೇರೆ ದಿನವಾಗಿದ್ದರೆ ನಗುತ್ತಿದ್ದರು. ಕ್ಯಾಲ್ವಿನ್ ಚಿಲಕದ ಮೇಲೆ ಕೈಯಿಟ್ಟು, ಮುಂದಿನ ಸೂಚನೆಗೆ ಕಾಯುವವನಂತೆ ಒಡೆಟ್‌ಳ ಮುಖ ನೋಡಿದ. ಅವಳು ಏನನ್ನೂ ಓದಲಿಲ್ಲ. ಕನ್ನಡಕ ತೆಗೆದು ಹಾಳೆಗಳ ಮೇಲಿಟ್ಟು, ತಾನೇ ನಡೆದುಹೋಗಿ, ಅವನ ಕೈಯನ್ನು ಪಕ್ಕಕ್ಕೆ ಸರಿಸಿ ಚಿಲಕ ತೆಗೆದಳು.

ಡಿನಿಸ್ ಹೆಗಲ ಮೇಲಿನ ಹಿಮ ಕೊಡವುತ್ತಾ, ಕೈ ಉಜ್ಜಿಕೊಳ್ಳುತ್ತಾ ಒಳಗೆ ಬಂದ.

"ಯಾವ ಮಹರಾಯನಪ್ಪ ಚಿಲಕ ಹಾಕಿದ್ದು?"

ಒಬ್ಬರೂ ಒಡೆಟ್‌ಳ ಕಡೆ ತಿರುಗಲಿಲ್ಲ. ಸೂಪಿನ ಪಾತ್ರೆಯಾಚೆ, ಪಾಯಸದಾಚೆ, ಮೂಲೆಯ ಬಿಳಿ ಹೂಗಳ ನಡುವೆ ನಗುತ್ತಾ ನಿಂತಿದ್ದ ಗಿಲ್ಬರ್ಟನ ಫೋಟೊವನ್ನು ಎಲ್ಲರೂ ನೋಡುತ್ತಿದ್ದರು.