ಮಡಚದ ಕಿಂಡಿ

ಗುರಿ ನೋಡಲು ರೈಫಲ್ಲಿಗೆ ಮಡಚುವ ಕಬ್ಬಿಣದ ಕಿಂಡಿ ಕೊಳ್ಳುವವರ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು. ಕೆಂಪು ಚುಕ್ಕಿ ತೋರಿಸುವ ಗಾಜಿನ ಬ್ಯಾಟರಿ ಸತ್ತರೆ ಇರಲಿ ಎಂದು ಹಿಂದೊಂದು ಕಿಂಡಿ, ಮುಂದೊಂದು ಮೊನೆ ಹಾಕಿಸಿಕೊಳ್ಳುತ್ತಾರೆ. ಒಮ್ಮೆ ಮಡಚಿಟ್ಟರೆ ಮುಗಿಯಿತು, ಜನ್ಮದಲ್ಲಿ ಮತ್ತೆ ಎತ್ತುವುದಿಲ್ಲ. ಅದಕ್ಕೇ ಬಫಲೋ ಎಂಬ ಈ ಬೆಟ್ಟದೂರಿನ ನನ್ನ ಬಂದೂಕಿನಂಗಡಿಯಲ್ಲಿ ಒಂದು ಕಟ್ಟುನಿಟ್ಟು ಇದೆ. ನನ್ನೆದುರಿಗೇ ಎತ್ತಿ, ಕಿಂಡಿಯಲ್ಲಿ ಕಣ್ಣಿಟ್ಟು, ಗೋಡೆಯ ಮೇಲಿನ ಹುಲ್ಲೆತಲೆಯ ಮೂಗಿಗೆ ಗುರಿ ಹಿಡಿಯದೆ ಯಾರೂ ಅದನ್ನು ಒಯ್ಯುವಂತಿಲ್ಲ.

ಏಪ್ರಿಲ್‌ನಲ್ಲಿ ಗ್ರೇಸಿಯಾನ್ ಇರಿಬೆರಿ ಬಂದಳು. ನನ್ನ ಜೊತೆ ಶಾಲೆ ಓದಿದವಳು. ಬೆಟ್ಟದ ಬುಡದಲ್ಲಿ ಮುನ್ನೂರು ಕುರಿ ಇಟ್ಟುಕೊಂಡು ಒಬ್ಬಳೇ ಇದ್ದಾಳೆ. ಮೇ ತಿಂಗಳಲ್ಲಿ ಕುರಿಗಳು ಈಯುತ್ತವೆ, ಬೆಳಗಾಗುತ್ತಲೇ ಕಯೋಟಿ ಎಂಬ ನರಿಯಂಥ ತೋಳಗಳು ಮರಿ ಹುಡುಕಿಕೊಂಡು ಇಳಿಯುತ್ತವೆ. ಗುರಿ ತಪ್ಪುವ ಕೈಯಲ್ಲಿ ಮಂದೆ ಉಳಿಯುವುದಿಲ್ಲ. ಮಾರಿಬಿಡು ಎಂದು ಅವಳ ಅಕ್ಕ ವರ್ಷದಿಂದ ಬೆನ್ನು ಹತ್ತಿದ್ದಳು.

ಗ್ರೇಸಿಯಾನ್ ಕೆಂಪು ಚುಕ್ಕಿಯ ಗಾಜಿದ್ದ ರೈಫಲ್ಲನ್ನು ಮೇಜಿನ ಮೇಲೆ ಇಟ್ಟಳು. ಆ ಚಳಿಗಾಲದಲ್ಲಿ ಅದು ಮೂರನೆಯ ಗಾಜು.

"ಡೆಲ್, ಇದೂ ಹಾಳು. ಚುಕ್ಕಿ ಒಡ್ಕೊಂಡು ಬಾಲ ಬಿಟ್ಟಿದೆ. ಇನ್ನು ನಿನ್ನ ಗಾಜಿನ ಸಹವಾಸ ಸಾಕು. ಕಬ್ಬಿಣದ್ದೇ ಕೊಡು."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದೆ.

ಅವಳು ನಗಲಿಲ್ಲ. ಬೇರೆ ದಿನವಾಗಿದ್ದರೆ ಎರಡು ಬೈಗುಳ ತಿರುಗಿ ಬರುತ್ತಿದ್ದವು.

ಮೂರು ಜೊತೆ ತೆಗೆದಿಟ್ಟೆ. ಪ್ಲಾಸ್ಟಿಕ್ಕಿನದು ಹಗುರ. ಗುಂಡಿ ಒತ್ತಿದರೆ ಟಪ್ಪೆಂದು ಏಳುವ ಸ್ಪ್ರಿಂಗಿನದನ್ನು ಅವಳು ನಾಲ್ಕು ಸಲ ಎಬ್ಬಿಸಿ ಮಲಗಿಸಿ ನೋಡಿದಳು. ಉಕ್ಕಿನದು ಭಾರ, ಆದರೆ ಬೇಲಿಗೆ ಬಡಿದರೂ ಅಲುಗುವುದಿಲ್ಲ.

"ಉಕ್ಕಿಂದೇ ಇರ್ಲಿ. ಇದರಲ್ಲಿ ಎರಡು ಕಿಂಡಿ ಯಾಕೆ?"

"ಬೆಳಕು ಕಡಿಮೆ ಇದ್ರೆ ದೊಡ್ಡದು, ದೂರಕ್ಕೆ ಚಿಕ್ಕದು."

"ದೊಡ್ಡದೇ ಇಡು. ಚಿಕ್ಕದ್ರಲ್ಲಿ ನಂಗೇನು ಕಾಣುತ್ತೆ?"

ಗಾಜು ಹಾಳೆಂದವಳು ಬರೀ ತೂತಿನಲ್ಲೂ ಕಾಣದು ಎಂದದ್ದು ನನಗೆ ವಿಚಿತ್ರ ಎನಿಸಿತು. ಗಾಜನ್ನು ಕಳಚದೆ ಹಾಗೇ ಬಿಟ್ಟು ಅದರ ಹಿಂದೆ ಕಿಂಡಿ ಕೂರಿಸಿದೆ. ಮಡಚಿಯೇ ಇಟ್ಟು, ಗುಂಡಿಲ್ಲವೆಂದು ಎರಡು ಸಲ ನೋಡಿ, ಅವಳ ಕೈಗೆ ಕೊಟ್ಟೆ.

"ಚುಕ್ಕಿ ಬಾಲ ಎತ್ಲಾಗಿದೆ?" ಎಂದು ಕೇಳಿದೆ.

"ಎಡಕ್ಕೆ, ಮೇಲೆ."

"ತಲೆ ನೇರ ಇಟ್ಕೊಂಡು ರೈಫಲ್ ಮಾತ್ರ ಅಡ್ಡ ತಿರುಗ್ಸು."

ತಿರುಗಿಸಿದಳು. "ಈಗ್ಲೂ ಎಡಕ್ಕೇ. ಅಲ್ಲೇ ಇದೆ."

ಗಾಜು ಹಾಳಾಗಿದ್ದರೆ ರೈಫಲ್ಲಿನ ಜೊತೆ ಬಾಲವೂ ತಿರುಗಬೇಕಿತ್ತು. ತಿರುಗಲಿಲ್ಲ, ಅಂದರೆ ದೋಷ ಅವಳ ಕಣ್ಣಿನದು; ಮೂರು ಗಾಜುಗಳನ್ನು ಸುಮ್ಮಸುಮ್ಮನೆ ಬೈದಿದ್ದೆವು. ಅವಳಿಗೂ ಅರ್ಥವಾಯಿತು. ರೈಫಲ್ ಕೆಳಗಿಟ್ಟಳು.

"ಗೊತ್ತಿತ್ತು," ಎಂದಳು. "ಅಮ್ಮಂಗೂ ಹೀಗೇ ಶುರುವಾಗಿದ್ದು. ದೀಪಕ್ಕೆ ಬಾಲ ಬಂದಿದೆ ಅಂತಿದ್ಲು. ಆರು ವರ್ಷಕ್ಕೆ ಪೂರ್ತಿ ಕುರುಡಿ. ಭಾನುವಾರ ಅಕ್ಕ ಬರ್ತಾಳೆ. ಈ ಕಬ್ಬಿಣಾನೂ ಆಗ್ಲಿಲ್ಲ ಅಂದ್ರೆ ಕುರಿ ಮಾರೋಕೆ ಹೂಂ ಅಂದ್ಬಿಡ್ತೀನಿ."

ನನ್ನ ಗಾದೆ ನನಗೇ ಚುಚ್ಚಿತು. ಆದರೂ ನನ್ನ ಅಂಗಡಿಯ ಕಟ್ಟಳೆ ಬಾಕಿಯಿತ್ತು.

"ಕಿಂಡಿ ಎತ್ತಿ ನೋಡ್ದೆ ಒಯ್ಯೋ ಹಾಗಿಲ್ಲ," ಎಂದೆ.

"ಹಠಮಾರಿ ಮುದುಕ." ಬೈಯುತ್ತಲೇ ಎತ್ತಿದಳು. ಅವಳು ದೊಡ್ಡದನ್ನು ಕೇಳಿದ್ದರೂ ಕೂರಿಸುವಾಗಲೇ ನಾನು ಚಿಕ್ಕ ಕಿಂಡಿಯನ್ನು ಕಣ್ಣಿಗೆ ಬರುವಂತೆ ತಿರುಗಿಸಿದ್ದೆ. ಹುಲ್ಲೆಯ ಮೂಗಿಗೆ ಗುರಿ ಹಿಡಿದವಳು ಉಸಿರು ನಿಲ್ಲಿಸಿದಳು. ಕಿಂಡಿ ಮಡಚಿ ನೋಡಿದಳು, ಮತ್ತೆ ಎತ್ತಿ ನೋಡಿದಳು.

"ಡೆಲ್, ದುಂಡಗಾಯ್ತು!"

"ಏನು?"

"ಚುಕ್ಕಿ ಕಣೋ! ಸಾಸಿವೆ ಕಾಳಿನಷ್ಟು ದುಂಡಗಿದೆ. ಮೂಗಿನ ಹೊಳ್ಳೇನೂ ಕಾಣ್ತಿದೆ. ಏನು ಮಾಡ್ದೆ ನೀನು?"

ಚಿಕ್ಕ ಕಿಂಡಿ ತಿರುಗಿಸಿದ್ದು ಬಿಟ್ಟರೆ ನಾನೇನೂ ಮಾಡಿರಲಿಲ್ಲ. ಸಣ್ಣ ತೂತಿನಲ್ಲಿ ಮಂಜಾದದ್ದು ಚೊಕ್ಕವಾಗುತ್ತದೆ ಎಂದು ಹಳೆಯ ಬೇಟೆಗಾರರು ಹೇಳುತ್ತಿದ್ದದ್ದು ನೆನಪಿತ್ತು, ಅಷ್ಟೇ.

"ನಾನು ಡಾಕ್ಟರಲ್ಲ," ಎಂದೆ. "ಆದ್ರೆ ತೂತಲ್ಲಿ ಸರಿಹೋಗೋ ಕಣ್ಣು ಕನ್ನಡಕದಲ್ಲೂ ಸರಿಹೋಗ್ಬೋದು. ಭಾನುವಾರಕ್ಕೆ ಮುಂಚೆ ಹೋಗಿ ತೋರ್ಸು."

ಶುಕ್ರವಾರ ಅವಳಿಂದ ಫೋನು ಬಂತು. ಡಾಕ್ಟರು ತೂತು ತೂತಿನ ಕರಿ ತಟ್ಟೆಯೊಂದನ್ನು ಅವಳ ಕಣ್ಣಿಗೆ ಅಡ್ಡ ಹಿಡಿದರಂತೆ. ಇದನ್ನು ಡೆಲ್ ಅಂಗಡಿಯಲ್ಲೇ ನೋಡಿಯಾಗಿದೆ ಎಂದಳಂತೆ ಇವಳು. ಕಣ್ಣಿನ ಹಿಂಭಾಗವನ್ನೂ ದೀಪ ಬಿಟ್ಟು ನೋಡಿದ್ದಾರೆ. ಅಮ್ಮನ ರೋಗದ ಸುಳಿವಿಲ್ಲ. ಕಣ್ಣಿನ ಗುಡ್ಡೆಯ ದುಂಡು ಸ್ವಲ್ಪ ಸೊಟ್ಟ, ಕನ್ನಡಕ ಸಾಕು. ಹೇಳುತ್ತ ಹೇಳುತ್ತ ಅತ್ತಳು. ನಾನೂ ಮೂಗು ಒರೆಸಿಕೊಂಡೆ.

ಮೇ ಕೊನೆಯಲ್ಲಿ ಅವಳ ಮನೆಗೆ ಊಟಕ್ಕೆ ಹೋಗಿದ್ದೆ. ಹೊರಗೆ ಮರಿಗಳ ಗಲಾಟೆ. ಅವಳ ಮೂಗಿನ ಮೇಲೆ ಕನ್ನಡಕ. ಬಾಗಿಲ ಮೇಲಿನ ಗೂಟದಲ್ಲಿ ರೈಫಲ್ಲಿತ್ತು, ಕಿಂಡಿ ಎದ್ದೇ ನಿಂತಿತ್ತು.

"ಕನ್ನಡಕ ಬಂತಲ್ಲ, ಅದನ್ನ ಮಡಚೋಕೇನು ಧಾಡಿ? ಎಲ್ಲಾದ್ರೂ ತಗ್ಲಿ ಮುರಿಯುತ್ತೆ," ಎಂದು ರೇಗಿದೆ.

"ಮುರಿದ್ರೆ ಇನ್ನೊಂದು ತರ್ತೀನಿ," ಎಂದಳು. "ಅದನ್ನ ಮಲಗ್ಸಿದ್ರೆ ಚುಕ್ಕಿಗೆ ಮತ್ತೆ ಬಾಲ ಬರುತ್ತೇನೋ ಅಂತ ನಂಗೆ ಈಗ್ಲೂ ಭಯ, ಡೆಲ್."

ಮಡಚಲು ಎತ್ತಿದ್ದ ಕೈಯನ್ನು ನಾನು ಹಿಂದಕ್ಕೆ ತೆಗೆದುಕೊಂಡೆ.