ಹತ್ತು ಗಂಟೆಯ ಮಗ್ಗುಲು

ಮಲಮೂತ್ರ ಕಂಡರೆ ಡೋರೀನ್ ಮಝುರ್‌ಗೆ ಹೇಸಿಗೆಯಾಗುತ್ತಿರಲಿಲ್ಲ. ಆದರೆ ಕಂಡವರೆಲ್ಲ ಅವಳನ್ನು ಕೇಳುತ್ತಿದ್ದುದು ಅದನ್ನೇ. ನಲವತ್ನಾಲ್ಕನೆಯ ವಯಸ್ಸಿನಲ್ಲಿ ರೆಸ್ಟೋರೆಂಟ್ ಮ್ಯಾನೇಜರ್ ಕೆಲಸ ಬಿಟ್ಟು ನರ್ಸಿಂಗ್ ಓದುತ್ತೇನೆ ಎಂದಾಗ ಅಕ್ಕ ವಾಂಡಾ ಮುಖ ಸಿಂಡರಿಸಿದ್ದಳು.

“ಕಂಡೋರ ಕುಂಡಿ ತೊಳೆಯೋಕೆ ಕಾಲೇಜಿಗೆ ಬೇರೆ ಹೋಗ್ಬೇಕೇನೆ?”

“ನಮ್ಮ ಅಡುಗೆಮನೆ ಜಿಡ್ಡಿನ ಗುಂಡಿ ಮುಚ್ಚಳ ತೆಗೆಯೋವಾಗ ಒಂದ್ಸಲ ಬಂದು ನಿಂತ್ಕೊ. ಆಮೇಲೆ ಕುಂಡಿ ವಿಷಯ ಮಾತಾಡು,” ಎಂದಿದ್ದಳು ಡೋರೀನ್.

ಅಮೆರಿಕದ ಟೊಲೀಡೊ ನಗರದ ಹೆದ್ದಾರಿ ಪಕ್ಕದ ಆ ರೆಸ್ಟೋರೆಂಟಿನಲ್ಲಿ ಅವಳು ಹತ್ತೊಂಬತ್ತು ವರ್ಷ ಸವೆಸಿದ್ದಳು. ಅಲ್ಲಿ ನಾರುತ್ತಿದ್ದುದು ಗುಂಡಿಯೊಂದೇ ಅಲ್ಲ. ಶೀತಲ ಕೋಣೆಯ ಬಾಗಿಲಿಗೆ ಒಂದು ಹಾಳೆ ನೇತಾಡುತ್ತಿತ್ತು. ಎರಡೆರಡು ಗಂಟೆಗೊಮ್ಮೆ ಒಳಗಿನ ತಂಪು ಎಷ್ಟು ಡಿಗ್ರಿ ಫ್ಯಾರನ್‌ಹೀಟ್ ಇದೆಯೆಂದು ನೋಡಿ ಬರೆಯಬೇಕು, ನಲವತ್ತೊಂದು ದಾಟಬಾರದು. ಯಾರು ನೋಡುತ್ತಾರೆ? ಸಂಜೆ ಒಬ್ಬರು ಪೆನ್ನು ಹಿಡಿದು ಇಡೀ ದಿನದ್ದನ್ನು ಒಂದೇ ಉಸಿರಿಗೆ ತುಂಬಿಬಿಡುತ್ತಿದ್ದರು. ಹೊಸಬರಿಗೆ ಈ ವಿದ್ಯೆಯನ್ನು ಹೇಳಿಕೊಟ್ಟವಳೂ ಡೋರೀನೇ. “ಎಲ್ಲಾ ಕಡೆ ಒಂದೇ ಅಂಕಿ ಬರೀಬೇಡ್ರೋ, ಸಿಕ್ಕಿಬೀಳ್ತೀರಾ. ಮೂವತ್ತೆಂಟು, ಮೂವತ್ತೊಂಬತ್ತು, ಮಧ್ಯೆ ಒಂದು ಮೂವತ್ತೇಳು. ನಿಜ ಅನ್ನೋದು ಸ್ವಲ್ಪ ಸೊಟ್ಟಗಿರುತ್ತೆ.” ತಪಾಸಣೆಯವರು ಆ ಹಾಳೆ ನೋಡಿ ತಲೆದೂಗಿ ಹೋಗುತ್ತಿದ್ದರು.

ಕೊನೆಗೆ ಒಂದು ಭಾನುವಾರ ವಾಸನೆ ಹಿಡಿದ ಕೋಳಿಯನ್ನು ಮಾಲೀಕ ರ‍್ಯಾಂಡಲ್ ವಿನೆಗರ್ ನೀರಲ್ಲಿ ತೊಳೆಸಿ, ಮಸಾಲೆ ಜಾಸ್ತಿ ಹಾಕಿಸಿ ಹುರಿಸಿದ. ಮದುವೆಯಾಗಿ ಐವತ್ತು ವರ್ಷವಾಯಿತೆಂದು ಬಂದಿದ್ದ ಗಂಡ ಹೆಂಡತಿಯ ಮುಂದೆ ಆ ತಟ್ಟೆಯನ್ನು ಇಟ್ಟವಳು ಡೋರೀನ್. ಐದು ನಿಮಿಷ ಬಿಟ್ಟು ಪದ್ಧತಿಯ ಪ್ರಕಾರ ನಗುತ್ತಾ ಹೋಗಿ, “ಎಲ್ಲಾ ಚೆನ್ನಾಗಿದೆಯಾ?” ಎಂದು ಕೇಳಿದಳು. “ತುಂಬಾ ಚೆನ್ನಾಗಿದೆಯಮ್ಮ,” ಎಂದರು ಇಬ್ಬರೂ. ಹೆಂಗಸು ತನ್ನ ತುಂಡನ್ನು ಕರವಸ್ತ್ರದಲ್ಲಿ ಮೆಲ್ಲಗೆ ಸುತ್ತಿಡುತ್ತಿದ್ದಳು. ಡೋರೀನ್‌ಗೆ ಕೋಳಿಗಿಂತ ತನ್ನ ನಗುವೇ ಹೆಚ್ಚು ಅಸಹ್ಯವೆನಿಸಿತು. ಆ ವಾರವೇ ಕೆಲಸ ಬಿಟ್ಟಳು.

ಆ ಕೊಳಕನ್ನೆಲ್ಲ ರ‍್ಯಾಂಡಲನ ಬಾಗಿಲಲ್ಲೇ ಬಿಟ್ಟು ಬಂದೆನೆಂದು ಅವಳು ನಂಬಿದ್ದಳು. ಪಾಪ, ಕೊಳಕು ಕಟ್ಟಡದಲ್ಲಿ ಇರುತ್ತದೆಂದುಕೊಂಡಿದ್ದಳು.

ಈಗ ಕೊನೆಯ ಸೆಮಿಸ್ಟರ್. ಡಿಗ್ರಿ ಕೈಗೆ ಬರಲು ಐದೇ ವಾರ ಬಾಕಿ. ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ಅವಳಿಗೆ ತರಬೇತಿ. ಅವಳ ಪಾಲಿಗೆ ಬಂದವರಲ್ಲಿ ಕ್ಲೆಮ್ ಹಾರ್ಗಸ್ ಒಬ್ಬ. ರೈಲ್ವೆಯಲ್ಲಿ ವೆಲ್ಡಿಂಗ್ ಮಾಡಿಕೊಂಡಿದ್ದ ಎಪ್ಪತ್ತೊಂಬತ್ತರ ಮುದುಕ. ಲಕ್ವ ಹೊಡೆದು ಎಡಭಾಗ ಬಿದ್ದುಹೋಗಿತ್ತು. ಬಾಯಿ ಮಾತ್ರ ಗಟ್ಟಿ. ತಾನಾಗಿ ಹೊರಳಲು ಆಗದ್ದರಿಂದ ಎರಡೆರಡು ಗಂಟೆಗೊಮ್ಮೆ ಅವನ ಮಗ್ಗುಲು ಬದಲಿಸಬೇಕು, ಬದಲಿಸಿದ ಕೂಡಲೇ ಮಂಚದ ಹತ್ತಿರದ ಹಾಳೆಯಲ್ಲಿ ಬರೆಯಬೇಕು. ತಪ್ಪಿದರೆ ಮೂಳೆಯ ಮೇಲಿನ ಚರ್ಮ ಒಳಗೊಳಗೇ ಸಾಯುತ್ತದೆ.

ಒಂದು ಗುರುವಾರ ಬೆಳಿಗ್ಗೆ ಎಂಟಕ್ಕೆ ಅವನನ್ನು ಬೆನ್ನ ಮೇಲೆ ಮಲಗಿಸಿ, ದಿಂಬಿಗೆ ಒರಗಿಸಿ ತಿಂಡಿ ತಿನ್ನಿಸಿದಳು. ಹತ್ತಕ್ಕೆ ಬಲ ಮಗ್ಗುಲಿಗೆ ತಿರುಗಿಸಬೇಕಿತ್ತು. ಅಷ್ಟರಲ್ಲಿ ಪಕ್ಕದ ಕೋಣೆಯ ಹೆಂಗಸಿಗೆ ಭೇದಿ ಕಿತ್ತುಕೊಂಡು ಹಾಸಿಗೆ, ನೆಲ, ಕಂಬಿ ಎಲ್ಲಾ ರಾಡಿಯಾಯಿತು. ಜೊತೆಯ ವಿದ್ಯಾರ್ಥಿನಿ ಬಾಯಿಗೆ ಕೈಯಿಟ್ಟು ಹೊರಗೋಡಿದಳು. ಡೋರೀನ್ ತೋಳು ಮಡಚಿ ನಿಂತು ಎಲ್ಲವನ್ನೂ ತೊಳೆದಳು. ನಡುವೆ ಒಮ್ಮೆ ಕ್ಲೆಮ್‌ನ ಬಾಗಿಲಲ್ಲಿ ತಲೆ ಹಾಕಿ, “ಎಲ್ಲಾ ಚೆನ್ನಾಗಿದೆಯಾ, ಕ್ಲೆಮ್?” ಎಂದಳು.

“ಚೆನ್ನಾಗಿದೆ ಕಣಮ್ಮ. ನೀನು ಹೋಗು, ನಿನ್ನ ಕೆಲಸ ನೋಡ್ಕೊ.”

ಅವಳು ಹೋದಳು. ಹನ್ನೆರಡಕ್ಕೆ ಊಟ ತಿನ್ನಿಸುವಾಗಲೂ ಅವನು ಬೆನ್ನ ಮೇಲೆಯೇ ಇದ್ದ. ಊಟಕ್ಕೆ ಹಾಗೆಯೇ ಇರಬೇಕಾದ್ದು, ಸರಿಹೋಯಿತು. ಹಾಳೆ ತೆಗೆದರೆ ಹತ್ತರ ಜಾಗ ಖಾಲಿಯಿತ್ತು. ಯೋಚಿಸಲೂ ಇಲ್ಲ. ಕೈ ತಾನೇ ನಡೆಯಿತು. ‘ಬಲ ಮಗ್ಗುಲು,’ ಎಂದು ಬರೆದು ಸಹಿ ಹಾಕಿ, ಮುಂದೆ ‘10:07’ ಎಂದು ಸೇರಿಸಿದಳು.

ಒಂದು ಗಂಟೆಗೆ ಬೋಧಕಿ ಮಿಸೆಸ್ ಟಿಬ್ಬೆಟ್ಸ್ ಬಂದರು. ಮೂವತ್ತು ವರ್ಷ ನರ್ಸಾಗಿದ್ದವರು, ಹೊಗಳುವುದು ಬಲು ಅಪರೂಪ. ಇಬ್ಬರೂ ಸೇರಿ ಕ್ಲೆಮ್‌ನನ್ನು ಪಕ್ಕಕ್ಕೆ ಹೊರಳಿಸಿದರು. ಬಾಲದ ಮೂಳೆಯ ಮೇಲೆ ಅಂಗೈಯಗಲ ಕೆಂಪು.

“ಬೆರಳಿಟ್ಟು ಒತ್ತು, ಡೋರೀನ್.”

ಒತ್ತಿದಳು. ಒಳ್ಳೆಯ ಚರ್ಮವಾದರೆ ಒತ್ತಿದ ಕಡೆ ಬೆಳ್ಳಗಾಗಿ ಮತ್ತೆ ಕೆಂಪಾಗಬೇಕು. ಇದು ಬೆಳ್ಳಗಾಗಲಿಲ್ಲ. ಬಿಸಿಯಾಗಿತ್ತು, ಸ್ವಲ್ಪ ಮೆತ್ತಗೂ ಆಗಿತ್ತು.

ಮಿಸೆಸ್ ಟಿಬ್ಬೆಟ್ಸ್ ಹಾಳೆ ನೋಡಿದರು. “ನಿಂದು ಸರಿಯಾಗೇ ಇದೆ. ನಿಮಿಷನೂ ಹಾಕಿದ್ದೀಯ, ಹೀಗೇ ಬರೀಬೇಕು. ಹಾಗಾದ್ರೆ ಇದು ರಾತ್ರಿ ಪಾಳಿ ಪರ್ಲಾ ಮಾಡಿದ್ದು. ಆಗಲೇ ಒಂದ್ಸಲ ಎಚ್ಚರಿಕೆ ಕೊಟ್ಟಿದಾರೆ ಅವಳಿಗೆ, ಈ ಸಲ ಕೆಲಸ ಹೋಗುತ್ತೆ. ಕ್ಲೆಮ್, ಬೆಳಿಗ್ಗೆ ಇವಳು ನಿಮ್ಮನ್ನ ತಿರುಗಿಸಿದ್ಲಾ?”

ಗೋಡೆಗೆ ಮುಖ ಮಾಡಿದ್ದ ಮುದುಕ ತಡಮಾಡಲಿಲ್ಲ. “ತಿರುಗಿಸಿದ್ಲು. ಎರಡು ಸಲ. ಒಳ್ಳೆ ಹೆಂಗಸು.”

ಡೋರೀನ್‌ಗೆ ವಾಕರಿಕೆ ಬಂತು. ಪಕ್ಕದ ಕೋಣೆಯಲ್ಲಿ ಮೊಣಕೈವರೆಗೆ ಮೆತ್ತಿಕೊಂಡಾಗ ಬರದಿದ್ದದ್ದು ಈಗ ಗಂಟಲಿಗೆ ಬಂದು ನಿಂತಿತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಇದು ಹುಟ್ಟಿನದಲ್ಲ, ಹತ್ತೊಂಬತ್ತು ವರ್ಷ ತಾನೇ ಕೈಯಾರೆ ಸಾಕಿದ್ದು. ಆ ಏಳು ನಿಮಿಷದ ಸೊಟ್ಟ ಅಂಕಿಯನ್ನು ನೋಡಲು ಅವಳಿಗೆ ಆಗಲಿಲ್ಲ. ಸುಮ್ಮನಿದ್ದರೆ ಐದು ವಾರಕ್ಕೆ ನರ್ಸ್. ಇಲ್ಲದಿದ್ದರೆ ಎರಡು ವರ್ಷದ ಓದು ಚರಂಡಿಗೆ. ಸುಮ್ಮನಿರುವುದು ಎಷ್ಟು ಸುಲಭ ಎಂದು ಅವಳಿಗೆ ಗೊತ್ತಿತ್ತು. ಅದರಲ್ಲೇ ಅನ್ನ ತಿಂದವಳು.

“ಅವರು ಸುಳ್ಳು ಹೇಳ್ತಿದಾರೆ,” ಎಂದಳು. “ಹತ್ತು ಗಂಟೆಗೆ ನಾನು ತಿರುಗಿಸ್ಲೇ ಇಲ್ಲ. ಎಂಟರಿಂದ ಬೆನ್ನ ಮೇಲೇ ಇದಾರೆ. ಊಟದ ಹೊತ್ತಲ್ಲಿ ಕೂತು ಬರೆದೆ.”

“ಏಳು ನಿಮಿಷ?”

“ನಿಜದ ಥರ ಕಾಣ್ಲಿ ಅಂತ.”

ಮಿಸೆಸ್ ಟಿಬ್ಬೆಟ್ಸ್ ಅವಳನ್ನು ನೋಡಿದರು. ಕೋಪವಿರಲಿಲ್ಲ. ತಟ್ಟೆಯಲ್ಲಿ ಹುಳ ಕಂಡವರು ನೋಡುವ ಹಾಗೆ ನೋಡಿದರು. ಅದು ಡೋರೀನ್‌ಗೆ ನ್ಯಾಯವೆಂದೇ ತೋರಿತು.

“ಮರೆತಿದ್ರೆ ಬಯ್ದು ಬಿಡ್ತಿದ್ದೆ. ಎಲ್ಲರೂ ಮರೀತಾರೆ,” ಎಂದರು. “ಬರೆದಿದ್ದಕ್ಕೆ ನನ್ನ ಹತ್ರ ಔಷಧಿ ಇಲ್ಲ. ಈ ಸೆಮಿಸ್ಟರ್ ಹೋಯ್ತು. ಮತ್ತೆ ಸೇರಿಸ್ಕೋಬೇಕಾ ಬೇಡ್ವಾ ಅಂತ ಕಾಲೇಜು ಹೇಳುತ್ತೆ. ಅದರ ಮೇಲೆ ಒಂದೇ ಗೀಟು ಎಳಿ, ಕೆಳಗಿರೋದು ಓದೋಕೆ ಬರಬೇಕು. ಪಕ್ಕದಲ್ಲಿ ನಿಜ ಬರಿ. ಆಮೇಲೆ ಮನೆಗೆ ಹೋಗು.”

ಗೀಟೆಳೆದು ‘ತಿರುಗಿಸಲಿಲ್ಲ’ ಎಂದು ಬರೆದಳು. ಅಕ್ಷರಗಳು ಚಿಕ್ಕ ಮಕ್ಕಳು ಬರೆದ ಹಾಗೆ ಬಂದವು. ಮುಲಾಮು ತರಲು ಮಿಸೆಸ್ ಟಿಬ್ಬೆಟ್ಸ್ ಹೊರಗೆ ಹೋದರು.

“ದಡ್ಡಿ,” ಎಂದ ಕ್ಲೆಮ್, ಗೋಡೆಯ ಕಡೆಗೇ. “ಉಳಿಸೋಣ ಅಂತ ಹೇಳಿದ್ರೆ ನೀನೇ ಹೋಗಿ ಗುಂಡಿಗೆ ಬಿದ್ದೆ.”

“ಯಾಕೆ ಹೇಳಿದ್ರಿ?”

“ಇಲ್ಲಿ ನಗ್ತಾ ಮಾತಾಡ್ಸೋಳು ನೀನೊಬ್ಳೇ. ನೀನು ಹೋದ್ರೆ ಯಾರಿದಾರೆ?”

ಆ ನಗು. ಅವಳು ಮಂಚ ಸುತ್ತಿ ಅವನ ಮುಖದ ಕಡೆ ಬಂದು ಮೊಣಕಾಲೂರಿದಳು. ನಗಲಿಲ್ಲ. ನಗುವ ಸ್ನಾಯುಗಳು ತಮ್ಮಷ್ಟಕ್ಕೆ ತಾವೇ ಎಳೆಯತೊಡಗಿದಾಗ ತುಟಿ ಬಿಗಿಹಿಡಿದಳು.

“ಕ್ಲೆಮ್, ಹತ್ತು ಗಂಟೆ ಹೊತ್ತಿಗೆ ಬಾಗಿಲಲ್ಲಿ ನಿಂತು ಕೇಳಿದ್ನಲ್ಲ. ಆವಾಗ ಹೇಗಿತ್ತು?”

ಮುದುಕ ಕಣ್ಣು ಆಚೆ ತಿರುಗಿಸಿದ. ಬಲಗೈಯಿಂದ ಹೊದಿಕೆಯ ಅಂಚನ್ನು ಹಿಡಿದು ಬಿಟ್ಟ.

“ಉರೀತಿತ್ತು,” ಎಂದ. “ಒಂಬತ್ತರಿಂದಾನೇ ಉರೀತಿತ್ತು. ನೀನು ಅಷ್ಟು ಚೆನ್ನಾಗಿ ಕೇಳಿದ್ಯಲ್ಲ, ಹೇಳೋಕೆ ಮನಸ್ಸು ಬರ್ಲಿಲ್ಲ.”