ಮುಚ್ಚಳ ಒಡೆದ ವಾರ

ಆ ಬೆಳಿಗ್ಗೆ ಲ್ಯಾಬಿನಲ್ಲಿ ಮೇಡಂ ಕುಣಿಯುತ್ತಿದ್ದರು. ಹೌದು ಸ್ವಾಮೀ, ಕುಣಿತವೇ! ಅಷ್ಟು ಓದಿಕೊಂಡ ಹೆಂಗಸು, ಬಿಳಿ ಕೋಟು ಹಾರಿಸಿಕೊಂಡು. ಗಾಜಿನ ಸಾಮಾನು ತೊಳೆಯುವ ಅಕ್ಕ ಮಾತ್ರ ತೊಳೆದದ್ದನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದಳು.

ಭೂಮಿಯ ಮೇಲೆ ಮೊಟ್ಟಮೊದಲ ಜೀವ ಹುಟ್ಟಿದ್ದು ಹೇಗೆ ಅಂತ ಹುಡುಕುವುದೇ ಮೇಡಂ ಕೆಲಸ. ಅದಕ್ಕೆ ಅಮೈನೋ ಆಮ್ಲ ಅನ್ನುವ ಪುಟ್ಟ ಪುಟ್ಟ ತುಣುಕುಗಳು ಮಣಿಸರದ ಹಾಗೆ ಒಂದಕ್ಕೊಂದು ಸೇರಬೇಕಂತೆ. ಅವನ್ನು ಬಟ್ಟಲಿನ ನೀರಿಗೆ ಹಾಕಿ, ಮುಚ್ಚಳ ಬಿಗಿದು, ಹಾಟ್‌ಪ್ಲೇಟಿನ ಮೇಲಿಟ್ಟು ಎರಡು ವರ್ಷ ಕಾದಿದ್ದರು. ಒಂದಾದರೂ ಅಂಟಬೇಕಲ್ಲ, ಹಟಮಾರಿ ಮುಂಡೇವು! ಇವತ್ತು ನೋಡಿದರೆ ಉದ್ದುದ್ದ ಸರ.

"ಗೆದ್ವಿ ಅಕ್ಕಾ! ಇದನ್ನೇ ಇನ್ನೊಂದು ಸಲ ಮಾಡಿ ತೋರಿಸಿಬಿಟ್ರೆ ಸಾಕು."

ಎಡವಟ್ಟು ಇದ್ದದ್ದೇ ಅಲ್ಲಿ. ಹೋದ ವಾರ ಮೇಡಂ ಊರಲ್ಲಿಲ್ಲದಾಗ, ಧೂಳು ಕಂಡರಾಗದ ಅಕ್ಕ ಯಾರೂ ಹೇಳದಿದ್ದರೂ ಮುಚ್ಚಳ ಒರೆಸಲು ಹೋಗಿ ಕೈಜಾರಿ ಚೂರು ಮಾಡಿದ್ದಳು. ಹೊಸದು ಬರುವ ತನಕ ಬಟ್ಟಲು ಬಾಯ್ತೆರೆದೇ ಇತ್ತು. ರಾತ್ರಿಯೆಲ್ಲ ಆರಿ ತಳ ಹಿಡಿಯುತ್ತಿತ್ತು, ಬೆಳಿಗ್ಗೆ ಬಂದವಳೇ ಕದ್ದುಮುಚ್ಚಿ ಶುದ್ಧ ನೀರು ಸುರಿಯುತ್ತಿದ್ದಳು.

ಬಾಯಿ ಬಿಟ್ಟರೆ ಬಣ್ಣಗೇಡು. ಹನ್ನೊಂದು ವರ್ಷದ ಕೆಲಸ ಹೋದೀತು. ಸುಮ್ಮನಿದ್ದರೋ, ಈ ತಾಯಿ ಮತ್ತೆ ಮುಚ್ಚಳ ಬಿಗಿದು ಇನ್ನೆರಡು ವರ್ಷ ಕಾಯುತ್ತಾ ಕೂರುತ್ತಾರೆ. ಅದನ್ನು ನೆನೆದೇ ಅಕ್ಕ ತೊಳೆಯುವುದನ್ನು ಬಿಟ್ಟು ತಿರುಗಿ ನಿಂತಳು.

"ಮೇಡಂ, ಒಂದು ತಪ್ಪಾಗಿದೆ," ಅಂತ ಶುರು ಮಾಡಿ, ಉಸಿರು ಬಿಡದೆ ಎಲ್ಲ ಒದರಿಬಿಟ್ಟಳು.

ಮೇಡಂ ಸ್ಟೂಲು ಎಳೆದುಕೊಂಡು ಕೂತರು.

"ಎಷ್ಟು ಸಲ ಒಣಗಿತ್ತು?"

"ಆರು ಸಲ. ದೇವರಾಣೆ, ಆರೇ."

"ಅಯ್ಯೋ ನನ್ನ ಮಂಕುಬುದ್ಧಿಯೇ!" ಮೇಡಂ ಹಣೆ ಚಚ್ಚಿಕೊಂಡರು. "ನೀರು ಆರಿದಾಗಲೇ ಅಂಟಿಕೊಂಡಿವೆ! ಆ ಕಾಲದ ಹೊಂಡಗಳೂ ಹಾಗೇ ಇದ್ದಿರ್ಬೇಕಲ್ವಾ ಅಕ್ಕಾ? ಬಿಸಿಲಿಗೆ ಒಣಗೋದು, ಮಳೆಗೆ ತುಂಬೋದು. ಅವಕ್ಕೆ ಮುಚ್ಚಳ ಹಾಕೋರು ಯಾರಿದ್ರು?"

ಅಕ್ಕನಿಗೆ ಅರ್ಧ ಅರ್ಥವಾಯಿತು. ಉಳಿದರ್ಧ ಕೇಳಲು ಧೈರ್ಯ ಸಾಲಲಿಲ್ಲ.

"ಹಾಗಾದ್ರೆ... ಬೈಯಲ್ವಾ?"

"ಬೈಯದೆ ಬಿಡ್ತೀನಾ?" ಮೇಡಂ ಎದ್ದು ಬಂದು ಅವಳ ಒದ್ದೆ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡರು. "ಎರಡು ವರ್ಷದ ಹಿಂದೆನೇ ಒಡೀಬಾರ್ದಿತ್ತಾ, ಪುಣ್ಯಾತ್ಗಿತ್ತಿ!"